ಒಂದನೇ ಕ್ಲಾಸು ಊರಲ್ಲಿ, ಆರನೇ ಕ್ಲಾಸು ಹೋಬಳಿಯಲ್ಲಿ: ಶಾಲೆ ವಿಲೀನದ ಲೆಕ್ಕ

ಆಲೂರು ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆ ಎದುರು ಬೆಳಿಗ್ಗೆ ಎಂಟು ಗಂಟೆಗೆ ಒಂದು ಹಳದಿ ವ್ಯಾನ್ ಬಂದು ನಿಲ್ಲುತ್ತದೆ. ಆ ಶಾಲೆಗೂ ವ್ಯಾನಿಗೂ ಸಂಬಂಧ ಇಲ್ಲ. ಅರಳಿಕಟ್ಟೆ ಹತ್ತಿರ ವ್ಯಾನ್ ತಿರುಗಿಸೋಕೆ ಜಾಗ ಇದೆ, ಅಷ್ಟೇ. ಏಳು ಮಕ್ಕಳು ಹತ್ತುತ್ತಾರೆ. ಟೈ ಕಟ್ಟಿಕೊಂಡ ಎಲ್‌ಕೆಜಿ ಹುಡುಗನನ್ನು ಅವನಜ್ಜಿ ಎತ್ತಿ ಒಳಗೆ ಕೂರಿಸುತ್ತಾರೆ. ವ್ಯಾನ್ ಹೋಗಿ ಒಂದೂವರೆ ತಾಸಾದ ಮೇಲೆ ಮೇಡಂ ಸ್ಕೂಟಿಯಲ್ಲಿ ಬಂದು ಶಾಲೆ ಬೀಗ ತೆಗೆಯುತ್ತಾರೆ. 1ರಿಂದ 5ನೇ ತರಗತಿವರೆಗೆ ಸೇರಿ ಅಲ್ಲಿರೋದು 12 ಮಕ್ಕಳು.

ಕಳೆದ ಸಲದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವವರು, ಬಂದಿದ್ದರು. ಪಕ್ಕದೂರಿನ ಶಾಲೆ ಒಂದೂವರೆ ಕಿಲೋಮೀಟರ್ ದೂರ. ಅಲ್ಲಿ 18 ಮಕ್ಕಳು. "ಮುಂದಿನ ವರ್ಷ ಇನ್ನೂ ಕಡಿಮೆ ಆದ್ರೆ ಎರಡನ್ನೂ ಸೇರಿಸೋ ಮಾತಿದೆ" ಅಂದರು. ಸಭೆ ಅಲ್ಲಿಗೇ ಎರಡು ಹೋಳಾಯಿತು. "ಶಾಲೆನೂ ಹೋದ್ರೆ ಊರಲ್ಲಿ ಏನ್ ಉಳೀತದೆ ಸಾರ್" ಅಂದವರು ಒಂದು ಕಡೆ. "ಹನ್ನೆರಡು ಮಕ್ಳಿಗೆ ಎಂಥ ಆಟ, ಎಂಥ ಪಾಠ" ಅಂದವರು ಇನ್ನೊಂದು ಕಡೆ. ಮುಚ್ಚಲೇಬಾರದು ಅಂತ ಮೇಜು ಕುಟ್ಟಿದವರಲ್ಲಿ ಇಬ್ಬರ ಮಕ್ಕಳು ಆ ಹಳದಿ ವ್ಯಾನಿನಲ್ಲೇ ಹೋಗೋದು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಎರಡು ತಾಸಿನ ಜಗಳದಲ್ಲಿ ಒಂದು ಪ್ರಶ್ನೆ ಮಾತ್ರ ಬರಲೇ ಇಲ್ಲ. ಸೇರಿಸೋದಾದರೆ ಯಾವ ಕ್ಲಾಸುಗಳನ್ನು? ವಿಲೀನ ಅಂದ ಕೂಡಲೇ ನಮ್ಮ ಕಣ್ಣಿಗೆ ಇಡೀ ಶಾಲೆ ಬರುತ್ತದೆ, ಗೇಟು, ಬೋರ್ಡು, ಧ್ವಜಸ್ತಂಭ ಎಲ್ಲ ಸೇರಿ. ಆದರೆ ಆರು ವರ್ಷದ ಮಗುವಿನ ಒಂದನೇ ಕ್ಲಾಸಿಗೂ ಹನ್ನೆರಡು ವರ್ಷದ ಹುಡುಗಿಯ ಏಳನೇ ಕ್ಲಾಸಿಗೂ ಬೇಕಾಗಿರೋದು ಬೇರೆ ಬೇರೆ. ಒಂದಕ್ಕೆ ಮನೆ ಹತ್ತಿರ ಇರಬೇಕು. ಇನ್ನೊಂದಕ್ಕೆ ವಿಜ್ಞಾನದ ಟೀಚರ್ ಇರಬೇಕು. ಇವೆರಡನ್ನೂ ಒಟ್ಟಿಗೇ ಎತ್ತಿಕೊಂಡು ಹೋಗಬೇಕು, ಇಲ್ಲ ಎರಡನ್ನೂ ಒಟ್ಟಿಗೇ ಬಿಡಬೇಕು ಅನ್ನೋದೇ ನಮ್ಮ ಚರ್ಚೆ ಕೆಟ್ಟಿರೋದಕ್ಕೆ ಕಾರಣ ಅಂತ ನನ್ನ ಅನಿಸಿಕೆ.

ವಿಲೀನದ ಮಾತು ಹೊಸದಲ್ಲ. 2018ರ ಜುಲೈ ಬಜೆಟ್ಟಿನಲ್ಲಿ, ಅಂದರೆ ನಮ್ಮ ಹಾಸನ ಜಿಲ್ಲೆಯವರೇ ಆದ ಕುಮಾರಸ್ವಾಮಿಯವರು ಮುಖ್ಯಮಂತ್ರಿ ಆಗಿದ್ದಾಗ, 28,847 ಶಾಲೆಗಳನ್ನು ಹತ್ತಿರದ 8,530 ಶಾಲೆಗಳ ಜೊತೆ ಸೇರಿಸುವ ಪ್ರಸ್ತಾಪ ಬಂದಿತ್ತು. ದೊಡ್ಡ ಗಲಾಟೆಯೂ ಆಯಿತು. ರಾಜಸ್ಥಾನ 2014ರಲ್ಲೇ ಸುಮಾರು 17,000 ಶಾಲೆಗಳನ್ನು ವಿಲೀನ ಮಾಡಿತ್ತು. ಉತ್ತರ ಪ್ರದೇಶದಲ್ಲಿ 2025ರ ಜೂನ್‌ನಲ್ಲಿ ಹೊರಟ ಇಂಥದ್ದೇ ಆದೇಶ ಹೈಕೋರ್ಟ್ ಮೆಟ್ಟಿಲು ಹತ್ತಿತು. ನಮ್ಮಲ್ಲಿ ಈಗ ಚರ್ಚೆ ಇರೋದು ಕರ್ನಾಟಕ ಪಬ್ಲಿಕ್ ಶಾಲೆಗಳ ಸುತ್ತ. 2018-19ರಲ್ಲಿ ಶುರುವಾದ ಈ ಕೆಪಿಎಸ್‌ಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಓದು. 2025-26ರ ಬಜೆಟ್ಟಿನಲ್ಲಿ ಇನ್ನೂ 500 ಘೋಷಣೆ ಆದವು. ಆ ದೊಡ್ಡ ಶಾಲೆಗಳು ತುಂಬಬೇಕಾದರೆ ಸುತ್ತಲಿನ ಸಣ್ಣ ಶಾಲೆಗಳು ಖಾಲಿ ಆಗಬೇಕಲ್ವಾ ಅನ್ನೋದು ಊರವರ ಅನುಮಾನ. ಯಾವ ಶಾಲೆಯನ್ನೂ ಮುಚ್ಚಲ್ಲ ಅನ್ನೋದು ಸರ್ಕಾರದ ಉತ್ತರ.

ಇರಲಿ. ಲೆಕ್ಕಕ್ಕೆ ಬರೋಣ.

30 ಮಕ್ಕಳಿಗೆ ಎಷ್ಟು ಟೀಚರ್?

ವಿಲೀನದ ಪರ ಇರುವವರ ದೊಡ್ಡ ವಾದ ಒಂದೇ. ಸಣ್ಣ ಶಾಲೆಯಲ್ಲಿ ಐದು ಕ್ಲಾಸಿಗೆ ಇಬ್ಬರೇ ಟೀಚರ್. ಸೇರಿಸಿದರೆ ಕ್ಲಾಸಿಗೊಬ್ಬರು ಸಿಗುತ್ತಾರೆ. ಕೇಳೋಕೆ ಸರಿಯಾಗಿಯೇ ಇದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿರುವ ಪಟ್ಟಿ ನೋಡಿ. 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಟೀಚರ್. 61ರಿಂದ 90ಕ್ಕೆ ಮೂವರು. 91ರಿಂದ 120ಕ್ಕೆ ನಾಲ್ವರು. ಐವರು ಬೇಕಾದರೆ 121 ಮಕ್ಕಳಾಗಬೇಕು.

ನಮ್ಮೂರಿನ 12, ಪಕ್ಕದೂರಿನ 18. ಈಗ ಇಬ್ಬಿಬ್ಬರಂತೆ ನಾಲ್ಕು ಹುದ್ದೆ. ಸೇರಿಸಿದರೆ 30 ಮಕ್ಕಳು, ಇಬ್ಬರು ಟೀಚರ್. ಕ್ಲಾಸುಗಳು ಮೊದಲಿನ ಹಾಗೇ ಐದು. ಅಂದರೆ ಒಬ್ಬರೇ ಎರಡು ಮೂರು ಕ್ಲಾಸು ನೋಡಿಕೊಳ್ಳೋದು ತಪ್ಪಲಿಲ್ಲ. ತಪ್ಪಿದ್ದು ಎರಡು ಹುದ್ದೆ. ಮಕ್ಕಳು ಮಾತ್ರ ಒಂದೂವರೆ ಕಿಲೋಮೀಟರ್ ಜಾಸ್ತಿ ನಡೆಯಬೇಕು. ನಮ್ಮ ಹಳ್ಳಿಗಳಲ್ಲಿ 121 ಮಕ್ಕಳನ್ನು ಒಟ್ಟು ಮಾಡಬೇಕಾದರೆ ಎಷ್ಟು ಊರು ಸೇರಿಸಬೇಕು, ನೀವೇ ಎಣಿಸಿ. ಎಂಟು ಹತ್ತು ಊರಾದರೂ ಬೇಕು.

ತಮಾಷೆ ಅಂದ್ರೆ ಬಿಸಿಯೂಟದ ಲೆಕ್ಕವೂ ಹೀಗೇ. 25 ಮಕ್ಕಳವರೆಗೆ ಒಬ್ಬ ಅಡುಗೆಯವರು, 26ರಿಂದ 100ರವರೆಗೆ ಇಬ್ಬರು. ಈಗ ಎರಡು ಶಾಲೆಗೆ ಇಬ್ಬರು. ಸೇರಿಸಿದರೂ ಇಬ್ಬರೇ. ಒಲೆ ಒಂದು ಕಡಿಮೆ ಆಗುತ್ತದೆ, ಅಷ್ಟೇ.

ಇನ್ನು ಬೇರೆ ಬೇರೆ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರೋದು ಅನ್ನೋದನ್ನೇ ದೊಡ್ಡ ಕಾಯಿಲೆ ಅಂತ ನೋಡೋದೂ ಸರಿಯಲ್ಲ. 1ರಿಂದ 3ನೇ ತರಗತಿವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಇರೋದು ನಲಿ-ಕಲಿ. ಇದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಎಲ್ಲ ಕಡೆ ಬಂದ ಪದ್ಧತಿ. ಮೂರು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರಬೇಕು ಅಂತಲೇ ಅದನ್ನು ಕಟ್ಟಿದ್ದು. ಒಂದು ಬೆಳಿಗ್ಗೆ ನಾನು ನಮ್ಮ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಕೂತಿದ್ದೆ. ಗೋಡೆ ಮೇಲೆ ಕಲಿಕಾ ಏಣಿ. ತಲೆ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳು ಬರೆದ ಚಿತ್ರಗಳ ತೋರಣ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ, ಮಗುವಿನ ಎತ್ತರಕ್ಕೆ, ಒಬ್ಬೊಬ್ಬರಿಗೆ ಒಂದೊಂದು ತುಂಡು. ಮಕ್ಕಳು ಏಣಿ ನೋಡಿ ತಮ್ಮ ಕಾರ್ಡು ತಾವೇ ತೆಗೆದುಕೊಳ್ಳುತ್ತಾರೆ. ಆಮೇಲೆ ತಮ್ಮ ತಟ್ಟೆಗೆ, ಅಂದರೆ ತಮ್ಮ ಗುಂಪಿನ ಜಾಗಕ್ಕೆ, ಹೋಗಿ ಕೂರುತ್ತಾರೆ. ಒಂದನೇ ತಟ್ಟೆಯಲ್ಲಿ ಮೇಡಂ ಪೂರ್ತಿ ಜೊತೆಗಿರುತ್ತಾರೆ. ಐದನೇ ತಟ್ಟೆಗೆ ಬರುವ ಹೊತ್ತಿಗೆ ಮಗು ತಾನೇ ಮಾಡಿಕೊಳ್ಳುತ್ತದೆ. ನಡುವಿನ ತಟ್ಟೆಗಳಲ್ಲಿ ಗೆಳೆಯರ ಸಹಾಯ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಒಂದನೇ ಕ್ಲಾಸಿನ ತಮ್ಮನಿಗೆ 'ರ' ತಿದ್ದಿಸುತ್ತಿದ್ದಳು. ಅವನು ಮೂರು ಸಲ ತಪ್ಪಿದ. ನಾಲ್ಕನೇ ಸಲ ಅವಳೇ ಬಳಪ ಕಿತ್ತುಕೊಂಡು ಬರೆದಳು. ಅದೂ ಪದ್ಧತಿಯ ಭಾಗವೋ ಏನೋ.

ಕಷ್ಟ ಇರೋದು 4 ಮತ್ತು 5ನೇ ಕ್ಲಾಸಿನಲ್ಲಿ. ಅಲ್ಲಿಂದ ನಲಿ-ಕಲಿ ಇಲ್ಲ, ಪುಸ್ತಕದ ಪಾಠ. ಪಠ್ಯವೂ ಬೇರೆ ಬೇರೆ. ಎರಡನೇ ಟೀಚರ್ ಒಂದು ಕ್ಲಾಸಿಗೆ ಲೆಕ್ಕ ಕೊಟ್ಟು ಇನ್ನೊಂದಕ್ಕೆ ಪಾಠ ಮಾಡುತ್ತಾರೆ. ಆ ಎರಡನೇ ಟೀಚರ್ ತರಬೇತಿಗೋ ಜನಗಣತಿಗೋ ಹೋದರೆ ಮುಗಿಯಿತು. ಹತ್ತು ಹನ್ನೆರಡು ಮಕ್ಕಳ ಶಾಲೆಯಲ್ಲಿ ಕಾಯ್ದೆ ಏನೇ ಹೇಳಲಿ, ಒಬ್ಬರೇ ಇರೋದು ನಮ್ಮ ಕಡೆ ಹೊಸದೇನಲ್ಲ. ಹಾಗಾಗಿ ಸಣ್ಣ ಶಾಲೆಯ ಪರ ಮಾತಾಡುವವರು "ಮುಚ್ಚಬೇಡಿ" ಅನ್ನೋದಕ್ಕಿಂತ "ಎರಡನೇ ಟೀಚರನ್ನು ಕೀಳಬೇಡಿ" ಅಂತ ಕೇಳಿದರೆ ಜಾಸ್ತಿ ಉಪಯೋಗ.

ಮೇಲಿನ ಕ್ಲಾಸಿನಲ್ಲಿ ಲೆಕ್ಕ ತಿರುಗುತ್ತದೆ

6ನೇ ತರಗತಿಯಿಂದ ಕಾಯ್ದೆಯ ನಿಯಮವೇ ಬೇರೆ. ಅಲ್ಲಿ ಮಕ್ಕಳ ಸಂಖ್ಯೆಗಿಂತ ಮೊದಲು ಕ್ಲಾಸು ಮತ್ತು ವಿಷಯ ಬರುತ್ತವೆ. ಕ್ಲಾಸಿಗೆ ಒಬ್ಬರಾದರೂ ಇರಬೇಕು. ಗಣಿತ-ವಿಜ್ಞಾನಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಇರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಕ್ಕಪಕ್ಕದ ಮೂರು ಊರಿನಲ್ಲಿ ಮೂರು ಹಿರಿಯ ಪ್ರಾಥಮಿಕ ಶಾಲೆ. ಪ್ರತಿಯೊಂದರಲ್ಲೂ 6, 7ನೇ ತರಗತಿಗೆ ಸೇರಿ 8 ಮಕ್ಕಳು. ವಿಷಯಕ್ಕೊಬ್ಬರಂತೆ ಕೊಟ್ಟರೆ 24 ಮಕ್ಕಳಿಗೆ ಒಂಬತ್ತು ಟೀಚರ್. ಅಷ್ಟು ಜನರನ್ನು ಇಲಾಖೆ ಕೊಡಲ್ಲ, ಯಾವ ಸರ್ಕಾರ ಬಂದರೂ ಕೊಡಲ್ಲ. ಅದಕ್ಕೇ ಎಷ್ಟೋ ಕಡೆ ಏಳನೇ ಕ್ಲಾಸಿನ ವಿಜ್ಞಾನವನ್ನು ಭಾಷೆಯ ಮೇಷ್ಟ್ರು ಪುಸ್ತಕ ಓದಿ ಹೇಳೋದು. ಮೂರೂ ಶಾಲೆಯ 6, 7ನ್ನು ಮಾತ್ರ ಒಂದು ಕಡೆ ತನ್ನಿ. 24 ಮಕ್ಕಳು, ಮೂವರು ವಿಷಯ ಶಿಕ್ಷಕರು. ಕಬಡ್ಡಿಗೆ ಎರಡು ತಂಡವೂ ಆಗುತ್ತದೆ. ಕೆಳಗಿನ ಐದು ಕ್ಲಾಸು ಅವರವರ ಊರಲ್ಲೇ ಇರುತ್ತವೆ.

ಒಂದೇ ವಿಲೀನ, ಕೆಳಗಿನ ಕ್ಲಾಸಿಗೆ ಹೆಚ್ಚುಕಮ್ಮಿ ಏನೂ ಕೊಡಲ್ಲ, ಮೇಲಿನ ಕ್ಲಾಸಿಗೆ ತುಂಬಾ ಕೊಡುತ್ತದೆ. ದೂರದ ನಿಯಮವೂ ಇದಕ್ಕೆ ಹೊಂದುತ್ತದೆ. 2012ರ ಕರ್ನಾಟಕ ನಿಯಮಗಳ ಪ್ರಕಾರ 1ರಿಂದ 5ಕ್ಕೆ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು, 6ರಿಂದ 8ಕ್ಕೆ ಮೂರು ಕಿಲೋಮೀಟರ್ ಒಳಗೆ.

ಐದು-ಆರರ ನಡುವೆ ಕತ್ತರಿಸೋದು ನಾನು ಹೊಸದಾಗಿ ಹೇಳುತ್ತಿರೋ ವಿಚಾರವೂ ಅಲ್ಲ. ಆಗಲೇ ಅಲ್ಲಿ ಕತ್ತರಿ ಬಿದ್ದಾಗಿದೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ, ಎಲ್ಲಕ್ಕೂ ಪ್ರವೇಶ 6ನೇ ತರಗತಿಗೆ. ಐದನೇ ಕ್ಲಾಸಿನ ಚುರುಕು ಮಕ್ಕಳೆಲ್ಲ ಪರೀಕ್ಷೆ ಬರೆದು ಹೊರಡುತ್ತಾರೆ. ಹಿರಿಯ ಪ್ರಾಥಮಿಕ ಶಾಲೆಯ ಆರು, ಏಳನೇ ಕ್ಲಾಸು ಸೊರಗೋದಕ್ಕೆ ಮಕ್ಕಳು ಹುಟ್ಟೋದು ಕಡಿಮೆ ಆಗಿರೋದು ಒಂದು ಕಾರಣ, ಇದು ಇನ್ನೊಂದು. ನಮ್ಮ ಪಕ್ಕದೂರಿನ ಮೇಷ್ಟ್ರು ಒಬ್ಬರು ಹೇಳುತ್ತಿದ್ದರು: "ನಾನೇ ಸಂಜೆ ಕೂರಿಸ್ಕೊಂಡು ಮೊರಾರ್ಜಿಗೆ ತಯಾರು ಮಾಡ್ತೀನಿ. ಅವ್ರು ಪಾಸಾದ್ರೆ ನನ್ ಆರನೇ ಕ್ಲಾಸು ಖಾಲಿ."

ಇದಕ್ಕೆ ಎದುರು ವಾದವೂ ಇದೆ, ಅದು ಗಟ್ಟಿಯಾದದ್ದೇ. ಶಾಲೆ ಬದಲಾಯಿಸುವ ಪ್ರತಿ ಸಲವೂ ಮಗುವಿಗೆ ಒಂದು ಪೆಟ್ಟು. ಅಮೆರಿಕದಲ್ಲಿ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ. ನ್ಯೂಯಾರ್ಕ್ ನಗರದ ಮಕ್ಕಳ ಬಗ್ಗೆ ಜೋನಾ ರಾಕಾಫ್ ಮತ್ತು ಬೆಂಜಮಿನ್ ಲಾಕ್‌ವುಡ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 8ನೇ ತರಗತಿವರೆಗೆ ಒಂದೇ ಶಾಲೆಯಲ್ಲಿ ಓದಿದವರ ಜೊತೆ ಹೋಲಿಸಿದರೆ, ಐದು ಇಲ್ಲವೇ ಆರು ಮುಗಿಸಿ ಮಿಡ್ಲ್ ಸ್ಕೂಲಿಗೆ ಹೋದ ಮಕ್ಕಳ ಅಂಕ ಬಿದ್ದಿತ್ತು. ಅವರ ಮಿಡ್ಲ್ ಸ್ಕೂಲು ನೂರಾರು ಮಕ್ಕಳ ದೊಡ್ಡ ಶಾಲೆ. ನಮ್ಮ ಹೋಬಳಿ ಶಾಲೆಗೆ ಅದನ್ನು ಹಾಗೇ ಅಂಟಿಸೋಕಾಗಲ್ಲ. ಆದರೂ ಒಂದು ಮಾತು ಇಲ್ಲಿಗೂ ನಿಜ. ನಮ್ಮಲ್ಲಿ ಮಗು ಶಾಲೆ ಬಿಡೋದು ಹೆಚ್ಚಾಗಿ ಕ್ಲಾಸಿನ ನಡುವೆ ಅಲ್ಲ, ಟಿಸಿ ಕೈಗೆ ಬಂದ ಬೇಸಿಗೆಯಲ್ಲಿ. ಟಿಸಿ ಬೀರುವಿನಲ್ಲೇ ಕೂರುತ್ತದೆ. ಜೂನ್ ಕಳೆಯುತ್ತದೆ. ತೋಟದ ಕೂಲಿಗೆ ಅಮ್ಮನ ಜೊತೆ ಹೋಗೋಕೆ ಶುರುವಾಗುತ್ತದೆ.

ಹಾಗಿದ್ದರೆ ಐದಕ್ಕೆ ಒಂದು ಸಲ, ಏಳಕ್ಕೆ ಇನ್ನೊಂದು ಸಲ, ಹತ್ತಕ್ಕೆ ಮತ್ತೊಂದು ಸಲ ಟಿಸಿ ಕೊಡೋ ವ್ಯವಸ್ಥೆ ಅತಿ ಕೆಟ್ಟದ್ದು. ಐದಕ್ಕೆ ಕತ್ತರಿಸಿದರೆ ಮುಂದಿನದು ಹತ್ತರವರೆಗೆ ಒಂದೇ ಕಡೆ ಇರಬೇಕು. ಅಂದರೆ 6ರಿಂದ 10. 6, 7ನ್ನು ಇನ್ನೊಂದು ಊರಿನ ಪ್ರಾಥಮಿಕ ಶಾಲೆಗೆ ಸೇರಿಸುವ ಬದಲು ನೇರ ಹೈಸ್ಕೂಲಿಗೇ ಸೇರಿಸಬೇಕು. ಆಗ ಹತ್ತರವರೆಗೆ ಬದಲಾವಣೆ ಒಂದೇ ಸಲ.

ಎಂಟನೇ ಕ್ಲಾಸಿನ ಗೋಜಲು ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಕೇಂದ್ರದ ಕಾಯ್ದೆಗೆ ಪ್ರಾಥಮಿಕ ಶಿಕ್ಷಣ ಅಂದರೆ 1ರಿಂದ 8. ಕರ್ನಾಟಕದ ಹೈಸ್ಕೂಲು ಮೊದಲಿನಿಂದಲೂ 8ರಿಂದ 10. ಎರಡನ್ನೂ ಹೊಂದಿಸೋಕೆ ಹೋಗಿ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎಂಟನೇ ಕ್ಲಾಸು ಕೊಟ್ಟರು, ಹೈಸ್ಕೂಲಿನ ಎಂಟನ್ನು ಹಾಗೇ ಬಿಟ್ಟರು. ಫಲವಾಗಿ ಒಂದೇ ರಸ್ತೆಯಲ್ಲಿ ಎರಡು ಎಂಟನೇ ಕ್ಲಾಸು. ಏಪ್ರಿಲ್ ಮೇ ಬಂದರೆ ಎರಡೂ ಕಡೆಯ ಮೇಷ್ಟ್ರುಗಳು ಒಂದೇ ಮನೆಗೆ ಮಕ್ಕಳನ್ನು ಕೇಳಿಕೊಂಡು ಹೋಗೋದನ್ನು ನೋಡಿದ್ದೇನೆ. ಅನುದಾನಿತ ಹೈಸ್ಕೂಲುಗಳಿಗಂತೂ ಎಂಟನೇ ಕ್ಲಾಸೇ ಬಾಗಿಲು. ಅಲ್ಲಿ ಮಕ್ಕಳು ಬರದಿದ್ದರೆ ಮೂರು ವರ್ಷದಲ್ಲಿ ಶಾಲೆಯೇ ಇರಲ್ಲ. ಹೈಸ್ಕೂಲಿನಲ್ಲಿ ಎಂಟಕ್ಕೇ ವಿಷಯವಾರು ಬಿ.ಇಡಿ. ಮಾಡಿದ ಟೀಚರ್ ಇರುತ್ತಾರೆ, ಎಸ್‌ಎಸ್‌ಎಲ್‌ಸಿಗೆ ಮೂರು ವರ್ಷದ ತಯಾರಿ ಸಿಗುತ್ತದೆ. ನನ್ನ ಮತ ಹೈಸ್ಕೂಲಿನ ಕಡೆಗೆ.

ಆದರೆ ಮೇಲಿನವರ ನಕ್ಷೆಗಳು ಹಾಗೆ ಹೇಳಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 5+3+3+4 ಅನ್ನುತ್ತದೆ, ಅಂದರೆ ಮೂರು ವರ್ಷ ಪೂರ್ವ ಪ್ರಾಥಮಿಕದ ಜೊತೆ 1, 2ನೇ ಕ್ಲಾಸು, ಆಮೇಲೆ 3ರಿಂದ 5, 6ರಿಂದ 8, 9ರಿಂದ 12. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ 2+8+4 ಅನ್ನುತ್ತದೆ, ಅಂದರೆ ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ. ಎರಡರಲ್ಲೂ ಎಂಟು ಕೆಳಗೆ, ಒಂಬತ್ತು ಮೇಲೆ. ಕಾಗದದ ಮೇಲೆ ಚೆಂದ. ಆದರೆ ಪಿಯು ಕಾಲೇಜಿಲ್ಲದ ಹೈಸ್ಕೂಲಿನಿಂದ ಎಂಟನ್ನೂ ತೆಗೆದರೆ ಉಳಿಯೋದು ಒಂಬತ್ತು, ಹತ್ತು. ಎರಡು ಕ್ಲಾಸಿನ ಹೈಸ್ಕೂಲು!

ಎಲ್‌ಕೆಜಿ ಎಲ್ಲಿದೆಯೋ ಶಾಲೆ ಅಲ್ಲಿದೆ

ಇನ್ನು ಕೆಪಿಎಸ್ ಮಾದರಿ, ಎಲ್‌ಕೆಜಿಯಿಂದ ಹನ್ನೆರಡರವರೆಗೆ. ಟಿಸಿಯ ಸಮಸ್ಯೆಗೆ ಇದು ಒಳ್ಳೆಯ ಉತ್ತರ. ಹದಿನಾಲ್ಕು ವರ್ಷ ಒಂದೇ ಗೇಟು. ಪ್ರಾಥಮಿಕ, ಹೈಸ್ಕೂಲು, ಪಿಯು ಕಾಲೇಜು ಮೊದಲೇ ಒಂದೇ ಕಾಂಪೌಂಡಿನಲ್ಲೋ ರಸ್ತೆಯ ಆಚೀಚೆಯೋ ಇದ್ದರೆ ಸೇರಿಸೋದಕ್ಕೆ ಎರಡು ಮಾತಿಲ್ಲ. ಮಧ್ಯಪ್ರದೇಶ 'ಒಂದು ಆವರಣ ಒಂದು ಶಾಲೆ' ಅಂತ ಮಾಡಿದ್ದು ಇದನ್ನೇ. ಅಲ್ಲಿ ಸುಮಾರು 35,000 ಶಾಲೆ ಕಾಗದದಲ್ಲಿ ಸುಮಾರು 16,000 ಆದವು. ಮಗು ನಡೆಯೋ ದೂರ ಹೆಚ್ಚುಕಮ್ಮಿ ಜಾಸ್ತಿ ಆಗಲೇ ಇಲ್ಲ. ವಿಲೀನದ ದೊಡ್ಡ ದೊಡ್ಡ ಅಂಕಿ ಕೇಳಿದಾಗ ಅದರಲ್ಲಿ ಒಂದೇ ಕಾಂಪೌಂಡಿನವು ಎಷ್ಟು, ಬೇರೆ ಊರಿನವು ಎಷ್ಟು ಅಂತ ಮೊದಲು ಕೇಳಬೇಕು.

ಬೇರೆ ಊರಿನಿಂದ ಮಕ್ಕಳನ್ನು ಕೆಪಿಎಸ್‌ಗೆ ತರೋದು ಬೇರೆಯದೇ ಕಥೆ. ನಾಲ್ಕು ವರ್ಷದ ಮಗುವಿಗೆ ಎಲ್‌ಕೆಜಿ ಹೋಬಳಿಯಲ್ಲಿ ಮಾತ್ರ ಸಿಕ್ಕರೆ ಅದು ಹೋಬಳಿಗೇ ಹೋಗುತ್ತದೆ. ಎರಡು ವರ್ಷ ಅಲ್ಲಿ ಓದಿದ ಮಗುವನ್ನು ಒಂದನೇ ಕ್ಲಾಸಿಗೆ ವಾಪಸ್ ಊರಿಗೆ ಯಾರು ತರುತ್ತಾರೆ? ನಮ್ಮೂರ ಶಾಲೆ ಖಾಲಿ ಆಗಿದ್ದು ಒಂದನೇ ಕ್ಲಾಸಿನಲ್ಲಿ ಅಲ್ಲ, ಆ ಹಳದಿ ವ್ಯಾನಿನ ಎಲ್‌ಕೆಜಿ ಸೀಟಿನಲ್ಲಿ. ಖಾಸಗಿಯವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಹಾಗಾಗಿ ಪೂರ್ವ ಪ್ರಾಥಮಿಕವನ್ನು ಊರ ಶಾಲೆಯ 1ರಿಂದ 5ರ ಜೊತೆ, ಅಂಗನವಾಡಿಯನ್ನೂ ಸೇರಿಸಿಕೊಂಡು ಮಾಡಿದರೆ ಕೆಳಗಿನ ಶಾಲೆ ಉಳಿದೀತು. ಎಲ್‌ಕೆಜಿ ಕೆಪಿಎಸ್‌ನಲ್ಲಿ, 1ರಿಂದ 5 ಊರಲ್ಲಿ ಅನ್ನೋದು ಮಾತ್ರ ಕೆಲಸ ಮಾಡಲ್ಲ.

ಹಂಚಿಕೊಂಡರೆ?

ಇನ್ನೊಂದು ದಾರಿ ಇದೆ. ನಮ್ಮಲ್ಲಿ ಯಾರೂ ಅದರ ಬಗ್ಗೆ ಗಂಭೀರವಾಗಿ ಮಾತಾಡಿದ್ದು ನಾನು ಕೇಳಿಲ್ಲ. ಎರಡು ಹತ್ತಿರದ ಶಾಲೆಗಳಲ್ಲಿ ಒಂದನ್ನು ಮುಚ್ಚುವ ಬದಲು ಕ್ಲಾಸುಗಳನ್ನು ಹಂಚಿಕೊಳ್ಳೋದು. ಒಂದು ಕಟ್ಟಡದಲ್ಲಿ ಎರಡೂ ಊರಿನ 1ರಿಂದ 3, ಪೂರ್ತಿ ನಲಿ-ಕಲಿ. ಇನ್ನೊಂದರಲ್ಲಿ 4, 5. ಯಾವ ಊರೂ ಶಾಲೆ ಕಳೆದುಕೊಳ್ಳಲ್ಲ.

ಇದಕ್ಕೊಂದು ಹಳೇ ಹೆಸರಿದೆ, ಪ್ರಿನ್ಸ್‌ಟನ್ ಪ್ಲಾನ್. ಅಮೆರಿಕದ ನ್ಯೂಜೆರ್ಸಿ ರಾಜ್ಯ 1947ರಲ್ಲಿ ತನ್ನ ಸಂವಿಧಾನದಲ್ಲೇ ಬಣ್ಣದ ಮೇಲೆ ಶಾಲೆ ಬೇರೆ ಮಾಡೋದನ್ನು ನಿಷೇಧಿಸಿತು. ಮರುವರ್ಷ ಪ್ರಿನ್ಸ್‌ಟನ್ ಊರಿನವರು ಬಿಳಿಯರ ಶಾಲೆ, ಕರಿಯರ ಶಾಲೆ ಎರಡನ್ನೂ ಉಳಿಸಿಕೊಂಡು, ಊರಿನ ಎಲ್ಲ ಮಕ್ಕಳ ಕೆಳಗಿನ ಕ್ಲಾಸನ್ನು ಒಂದರಲ್ಲಿ, ಮೇಲಿನ ಕ್ಲಾಸನ್ನು ಇನ್ನೊಂದರಲ್ಲಿ ಇಟ್ಟರು. ಎಲ್ಲರೂ ಎರಡೂ ಶಾಲೆಯಲ್ಲಿ ಓದಲೇಬೇಕಾಯಿತು.

ನಮಗೆ ಇದರಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಊರೊಳಗಿನ ಶಾಲೆ, ಕಾಲೋನಿ ಶಾಲೆ ಅಂತ ಅರ್ಧ ಕಿಲೋಮೀಟರ್ ಅಂತರದಲ್ಲಿ ಎರಡು ಇರೋ ಊರುಗಳು ಬೇಕಾದಷ್ಟಿವೆ. ಅಂಥ ಕಡೆ ವಿಲೀನ ಅಂದರೆ ಬಹುತೇಕ ಒಂದೇ ದಿಕ್ಕು. ಕಾಲೋನಿ ಶಾಲೆಗೆ ಬೀಗ, ಮಕ್ಕಳು ಊರೊಳಗೆ. ಊರಿನ ಮಕ್ಕಳು ಕಾಲೋನಿ ಶಾಲೆಗೆ ಬರೋ ವಿಲೀನವನ್ನು ಎಲ್ಲಾದರೂ ನೋಡಿದ್ದೀರಾ? ಕ್ಲಾಸು ಹಂಚಿಕೊಂಡರೆ ನಾಲ್ಕನೇ ಕ್ಲಾಸಿಗೆ ಎಲ್ಲರ ಮಕ್ಕಳೂ ಅಲ್ಲಿಗೇ ಹೋಗಬೇಕು. ಆಗದಿದ್ದರೆ ಹಳದಿ ವ್ಯಾನ್ ಇದ್ದೇ ಇದೆ ಅಂತ ಕೆಲವರು ಹೊರಟೂ ಹೋಗಬಹುದು. ಆ ಅಪಾಯವನ್ನು ನಾನು ಸಣ್ಣದು ಅನ್ನಲ್ಲ. ಅಣ್ಣ ಒಂದು ಶಾಲೆ, ತಂಗಿ ಇನ್ನೊಂದು ಶಾಲೆ ಆಗೋ ತೊಂದರೆಯೂ ಇದೆ. ಅಣ್ಣನ ಕೈ ಹಿಡಿದು ಹೋಗ್ತಾಳೆ ಅನ್ನೋ ಧೈರ್ಯದ ಮೇಲೇ ಎಷ್ಟೋ ಮನೆಗಳು ನಡೆಯೋದು. ಹಾಗಾಗಿ ಈ ದಾರಿ ಅರ್ಧ ಕಿಲೋಮೀಟರ್ ಒಳಗಿನ ಜೋಡಿ ಶಾಲೆಗಳಿಗೆ ಸರಿ, ಒಂದೂವರೆ ಕಿಲೋಮೀಟರ್‌ಗೆ ಅಲ್ಲ. ಮಾಧ್ಯಮ ಬೇರೆ ಇದ್ದರೂ ಆಗಲ್ಲ. ಉರ್ದು ಶಾಲೆಯನ್ನು ಕನ್ನಡ ಶಾಲೆ ಜೊತೆ ಕ್ಲಾಸುವಾರು ಹಂಚೋಕಾಗಲ್ಲ.

ಒಂದು ಕಿಲೋಮೀಟರ್ ಅಂದರೆ ಎಷ್ಟು?

ಅರಸೀಕೆರೆಯಲ್ಲಿ ಒಂದು ಕಿಲೋಮೀಟರ್ ಅಂದರೆ ಒಂದು ಕಿಲೋಮೀಟರ್. ಬಯಲು, ತೆಂಗಿನ ತೋಟ, ನೇರ ರಸ್ತೆ, ಮನೆಗಳೆಲ್ಲ ಒಟ್ಟೊಟ್ಟಿಗೆ. ಚನ್ನರಾಯಪಟ್ಟಣ, ಕಡೂರು ಕಡೆಯೂ ಹೆಚ್ಚುಕಮ್ಮಿ ಹಾಗೇ. ಅಲ್ಲಿ ಹುಡುಗರು ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗುತ್ತಾರೆ.

ಸಕಲೇಶಪುರ, ಮೂಡಿಗೆರೆ, ಕಳಸ, ಶೃಂಗೇರಿಯ ಕಿಲೋಮೀಟರೇ ಬೇರೆ. ಅಲ್ಲಿ ಊರು ಅನ್ನೋದು ತೋಟದ ನಡುವೆ ಚದುರಿದ ಒಂಟಿಮನೆಗಳು, ಕಾರ್ಮಿಕರ ಲೈನ್ ಮನೆಗಳು. ಮ್ಯಾಪಿನಲ್ಲಿ ಎಂಟುನೂರು ಮೀಟರ್ ಕಾಣುವ ಶಾಲೆ ಮಧ್ಯೆ ಒಂದು ಹಳ್ಳ ಇರುತ್ತದೆ. ಬೇಸಿಗೆಯಲ್ಲಿ ಕಲ್ಲು ಹಾರಿ ದಾಟಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಕಾಲುಸಂಕ ಇದ್ದರೆ ಉಂಟು, ಇಲ್ಲದಿದ್ದರೆ ಮೂರು ಕಿಲೋಮೀಟರ್ ಸುತ್ತು. ಆಲೂರು, ಬೇಲೂರು, ಸಕಲೇಶಪುರದಲ್ಲಿ ಆನೆ ಬೇರೆ. ಮೊಬೈಲಿಗೆ ಆನೆ ಬಂದಿದೆ ಅನ್ನೋ ಮೆಸೇಜ್ ಬಂದರೆ ಅವತ್ತು ಆ ದಾರಿಯ ಮಕ್ಕಳು ರಜೆ. ಕಾಫಿ ಕೊಯ್ಲಿಗೆ ಬರುವ ಕೂಲಿಯವರ ಮಕ್ಕಳು ಮೂರ್ನಾಲ್ಕು ತಿಂಗಳಿಗೆ ಬಂದು ಹೋಗುವವರು. ಲೈನ್ ಪಕ್ಕದಲ್ಲಿ ಶಾಲೆ ಇದ್ದರೆ ಸೇರುತ್ತಾರೆ, ಬಸ್ ಹತ್ತಿ ಹೋಗಬೇಕಾದರೆ ಸೇರಲ್ಲ.

ಹಾಗಾಗಿ ಒಂದೇ ಆದೇಶ ಎರಡೂ ಕಡೆಗೆ ಹೊಂದಲ್ಲ. ಅರಸೀಕೆರೆಯಲ್ಲಿ ಎರಡು ಸಣ್ಣ ಪ್ರಾಥಮಿಕ ಶಾಲೆ ಸೇರಿಸಿದರೆ ದೊಡ್ಡ ನಷ್ಟವೇನಿಲ್ಲ. ಮೂಡಿಗೆರೆಯಲ್ಲಿ ಎಂಟು ಮಕ್ಕಳ ಶಾಲೆಯನ್ನೂ ಮುಟ್ಟಬಾರದು. ಎರಡಕ್ಕೂ ಅಳತೆ ಮಕ್ಕಳ ಸಂಖ್ಯೆಯೇ ಆದರೆ ಮೊದಲು ಮುಚ್ಚೋದು ಮೂಡಿಗೆರೆಯದು. ಅಳತೆ ಜುಲೈ ತಿಂಗಳ ನಡಿಗೆಯ ಸಮಯ ಆಗಬೇಕು.

ಮೇಲಿನ ಕ್ಲಾಸಿಗೆ ಹೊರಗೆ ಹೋಗಲಿ ಅಂದವನು ಬಸ್ಸಿನ ಬಗ್ಗೆಯೂ ಹೇಳಬೇಕು. ಸಮಗ್ರ ಶಿಕ್ಷಣ ಯೋಜನೆಯಡಿ ದೂರದಿಂದ ಬರುವ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶ ಇದೆ, ಈಗ ಹೈಸ್ಕೂಲಿನ ಮಕ್ಕಳಿಗೂ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600. ದಿನಕ್ಕೆ ಸುಮಾರು 25 ರೂಪಾಯಿ. ಹದಿನೈದು ಮಕ್ಕಳು ಸೇರಿ ಒಂದು ಜೀಪು ಗೊತ್ತು ಮಾಡಿಕೊಂಡರೆ ಹೇಗೋ ಸರಿಹೋದೀತು, ನಾಲ್ಕು ಮಕ್ಕಳಿಗೆ ಆಗಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಆದರೆ ಅದು ಸರ್ಕಾರಿ ಬಸ್ ಇರೋ ಕಡೆ ಮಾತ್ರ. ಕೊಪ್ಪ, ಶೃಂಗೇರಿ ಕಡೆ ದಶಕಗಳ ಕಾಲ ಜನರನ್ನು ಹೊತ್ತಿದ್ದು ಖಾಸಗಿ ಬಸ್ಸುಗಳು ಮತ್ತು ಕಾರ್ಮಿಕರೇ ನಡೆಸುತ್ತಿದ್ದ ಸಹಕಾರ ಸಾರಿಗೆ. ಆ ಸಹಕಾರ ಸಾರಿಗೆ 2020ರ ಫೆಬ್ರವರಿಯಲ್ಲಿ ನಿಂತಿತು. ಅದರ ಬಸ್ ನಂಬಿಕೊಂಡು ಓದಿದ ಒಂದು ತಲೆಮಾರೇ ಅಲ್ಲಿದೆ. ವಿಲೀನದ ಆದೇಶದಲ್ಲಿ ಬಸ್ ನಂಬರು, ಟೈಮು ಬರೆದಿರದಿದ್ದರೆ ಆ ಆದೇಶಕ್ಕೆ ನಾನು ಸಹಿ ಹಾಕಲ್ಲ.

ಮಕ್ಕಳನ್ನು ಓಡಾಡಿಸುವ ಬದಲು ಮೇಷ್ಟ್ರನ್ನು ಓಡಾಡಿಸುವ ದಾರಿಯೂ ಒಂದಿದೆ. 1964-66ರ ಕೊಠಾರಿ ಆಯೋಗ 'ಶಾಲಾ ಸಂಕೀರ್ಣ' ಅಂತ ಹೇಳಿದ್ದು ಇದನ್ನೇ. ಒಂದು ಹೈಸ್ಕೂಲು, ಅದರ ಸುತ್ತಲಿನ ಸಣ್ಣ ಶಾಲೆಗಳು, ಎಲ್ಲ ಒಂದು ಕುಟುಂಬ. 2020ರ ನೀತಿಯೂ ಸುತ್ತಲಿನ ಐದರಿಂದ ಹತ್ತು ಕಿಲೋಮೀಟರ್ ಇಟ್ಟುಕೊಂಡು ಅದನ್ನೇ ಮತ್ತೆ ಹೇಳಿದೆ. ಹೈಸ್ಕೂಲಿನ ಪಿಟಿ ಮೇಷ್ಟ್ರು ಬುಧವಾರ ಒಂದು ಊರಿಗೆ, ಶುಕ್ರವಾರ ಇನ್ನೊಂದು ಊರಿಗೆ ಬೈಕಿನಲ್ಲಿ ಹೋಗಬಹುದು. ಲ್ಯಾಬಿನ ಪೆಟ್ಟಿಗೆಯೂ ಹೋಗಬಹುದು. ಮಲೆನಾಡಿನ 4, 5ನೇ ಕ್ಲಾಸಿಗೆ ಇದಕ್ಕಿಂತ ಒಳ್ಳೇ ಉಪಾಯ ನನಗೆ ತೋಚಿಲ್ಲ. ಅರವತ್ತು ವರ್ಷ ಆದರೂ ಯಾಕೆ ಆಗಿಲ್ಲ ಅಂದರೆ ಪೆಟ್ರೋಲ್ ಭತ್ಯೆ ಯಾರು ಕೊಡಬೇಕು ಅನ್ನೋದರಿಂದ ಹಿಡಿದು ಹಾಜರಿ ಯಾವ ಪುಸ್ತಕದಲ್ಲಿ ಅನ್ನೋವರೆಗೆ ನೂರು ತಕರಾರು.

ಹುದ್ದೆಯ ತಕರಾರು ಇನ್ನೂ ದೊಡ್ಡದು. 1ರಿಂದ 7ಕ್ಕೆ ಅಂತ ನೇಮಕ ಆದವರನ್ನು ಆಮೇಲೆ 1ರಿಂದ 5ಕ್ಕೆ ಸೀಮಿತ ಮಾಡಿದ ಸಿಟ್ಟು ಪ್ರಾಥಮಿಕ ಶಿಕ್ಷಕರಲ್ಲಿ ಇನ್ನೂ ಆರಿಲ್ಲ. 6ರಿಂದ 8ಕ್ಕೆ ಪದವೀಧರ ಶಿಕ್ಷಕರು ಬೇರೆ, ಹೈಸ್ಕೂಲಿನವರು ಬೇರೆ. 6, 7ನ್ನು ಹೈಸ್ಕೂಲಿಗೆ ಸೇರಿಸಿದರೆ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರ್ ಹುದ್ದೆ ಏನಾಗುತ್ತದೆ? ಹೆಚ್ಚುವರಿ ಆದವರು ಯಾವ ತಾಲ್ಲೂಕಿಗೆ? ಇದಕ್ಕೆ ಉತ್ತರ ಸಿಗೋವರೆಗೆ ಯಾವ ಕ್ಲಾಸೂ ಸಲೀಸಾಗಿ ಕದಲಲ್ಲ.

ನಮ್ಮೂರಿನ ಮಾತು. ಈ ಏಪ್ರಿಲ್‌ಗೆ ಅಂಗನವಾಡಿಯಿಂದ ಐದು ಮಕ್ಕಳು ಹೊರಗೆ ಬರುತ್ತವೆ. ಇಬ್ಬರ ಮನೆಯವರು ವ್ಯಾನಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಉಳಿದ ಮೂವರ ತಾಯಂದಿರು ಮೊನ್ನೆ ಶಾಲೆ ಹತ್ತಿರ ಬಂದಿದ್ದರು. "ಮುಂದಿನ್ ವರ್ಷಾನೂ ಶಾಲೆ ಇಲ್ಲೇ ಇರ್ತದಾ ಮೇಡಂ? ಇರ್ತದೆ ಅಂದ್ರೆ ಇಲ್ಲೇ ಸೇರಿಸ್ತೀವಿ" ಅಂದರು. ಮೇಡಂ ಅಲ್ಲೇ ನಿಂತು ಸಿಆರ್‌ಪಿಗೆ ಫೋನ್ ಮಾಡಿದರು. ಅವರು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದರು.